ಅಟ್ಟದಿಂದ ಇಳಿದ ಹೂಜಿ

ಆಯಮ್ಮನ ಬೆರಳ ತುದಿಗಳು ಸದಾ ನೀರಿನಲ್ಲಿ ನೆನೆದಂತೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ವರ್ಷಾನುಗಟ್ಟಲೆ ಬಿಸಿನೀರು, ಸೋಪು, ಫಿನಾಯಿಲಿನಲ್ಲಿ ಆಡಿದ ಕೈಗಳು ಅವು. ಬಾಣಂತಿಯನ್ನಾಗಲಿ ಕೂಸನ್ನಾಗಲಿ ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಉಜ್ಜಿ, ತಮ್ಮ ಕೆನ್ನೆಗೇ ಒತ್ತಿಕೊಂಡು, ಬೆಚ್ಚಗಾಗಿವೆಯೇ ಎಂದು ನೋಡುತ್ತಿದ್ದರು.

ಅವರ ಬಗ್ಗೆ ಬರೆಯಬೇಕಾದರೆ ಮೊದಲು ನನ್ನ ತಪ್ಪನ್ನು ಬರೆಯಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳು. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ನಾನು ಲೇತ್ ನಡೆಸುತ್ತಿದ್ದೆ, ಮನೆ ಕೆ.ಆರ್. ಪುರದಲ್ಲಿತ್ತು. ಹೆಂಡತಿಗೆ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಮೊದಲ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬುದು ನಮ್ಮಮ್ಮನ ನಂಬಿಕೆ. ಬೆಳಿಗ್ಗೆ ಒಂದು ಕಾಫಿ ಲೋಟ, ಸಂಜೆ ಒಂದು, ಅಷ್ಟೇ. ನೀರಿನ ಹೂಜಿಯನ್ನು ಅಟ್ಟಕ್ಕೇರಿಸಿದವನು ನಾನು. ಲೋಟದಲ್ಲಿ ಅಳೆದು ಕೊಡುತ್ತಿದ್ದವನೂ ನಾನೇ. ಒಂದು ದಿನ ಅವಳು ಬಚ್ಚಲಿನ ಹಂಡೆಗೆ ಬಗ್ಗಿ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದಳು. ನೋಡಿದವನೇ ರಟ್ಟೆ ಹಿಡಿದು ಎಳೆದೆ. ಬೊಗಸೆಯ ನೀರು ಅವಳ ಸೀರೆಯ ಮೇಲೆಲ್ಲ ಚೆಲ್ಲಿತು.

ಕೂಸು ಅತ್ತಾಗಲೆಲ್ಲ ಅಮ್ಮ ಡಬ್ಬದ ಹಾಲಿನ ಬಾಟಲಿ ಬಾಯಿಗಿಟ್ಟರು. ತಿಂಗಳು ತುಂಬುವುದರೊಳಗೆ ಎದೆಹಾಲು ಬತ್ತಿತು. ನಾಮಕರಣದ ದಿನ, ಬಂದವರೆಲ್ಲರ ಮುಂದೆ, "ಇವಳ ಮೈಯಲ್ಲಿ ಹಾಲೇ ಇಲ್ಲ, ನಮ್ಮ ಕರ್ಮ" ಎಂದುಬಿಟ್ಟೆ. ಮಗಳು ಬೆಳೆಯುತ್ತಾ ಅದೇ ಮಾತನ್ನು ಕೇಳಿಕೊಂಡು ಬೆಳೆದಳು.

ಅಮ್ಮ ತೀರಿಕೊಂಡ ಮೇಲೆ ಹಲಸೂರಿನ ಒಂದು ವಠಾರಕ್ಕೆ ಬಂದೆವು. ಎದುರು ಮನೆಯೇ ಆಯಮ್ಮನದು. ಎರಡನೆಯ ಮಗು, ಗಂಡು, ಅವರ ಆಸ್ಪತ್ರೆಯಲ್ಲೇ ಹುಟ್ಟಿತು. ಹೆಂಡತಿಯನ್ನು ಮನೆಗೆ ಕರೆತಂದು ಮಲಗಿಸಿದ ಆಯಮ್ಮ ಒಮ್ಮೆ ಸುತ್ತ ನೋಡಿದರು.

"ಏನಪ್ಪಾ, ಹೂಜಿ ಯಾಕೆ ಅಟ್ಟದ ಮೇಲೈತೆ? ಅದಕ್ಕೂ ಬಾಣಂತನಾನಾ?"

"ನಮ್ಮಲ್ಲಿ ಬಾಣಂತಿಗೆ ಜಾಸ್ತಿ ನೀರು ಕೊಡಲ್ಲ ಆಯಮ್ಮ."

"ಊರಲ್ಲಿ ನಿಮ್ಮ ಮನೇಲಿ ಹಸು ಇತ್ತಾ?"

"ಇತ್ತು."

"ಕರು ಹಾಕಿದಾಗ ಅದಕ್ಕೆ ನೀರು?"

ನಾನು ಅಟ್ಟದ ಕಡೆ ನೋಡಿದೆ. "ಇಳ್ಸಪ್ಪ" ಎಂದರು. ಇಳಿಸಿ, ಅಭ್ಯಾಸಬಲದಿಂದ ಅದೇ ಕಾಫಿ ಲೋಟ ಎತ್ತಿಕೊಂಡೆ. ಅವರು ಅದನ್ನು ಕಿತ್ತುಕೊಂಡು ದೊಡ್ಡ ಚೊಂಬು ಕೊಟ್ಟರು. "ಹಾಲು ಬರೋದು ಮಗು ಚೀಪಿದ್ರೆ. ಆದ್ರೆ ಬಾಯಾರ್ಕೊಂಡೋಳು ಎಷ್ಟೊತ್ತು ಕೂತು ಚೀಪಿಸ್ತಾಳೆ? ಅವ್ಳು ಮಗೂನ ಎದೆಗೆ ಹಾಕ್ದಾಗೆಲ್ಲ ಪಕ್ಕದಲ್ಲಿ ನೀರಿರ್ಬೇಕು. ಮನೇಲಿರೋವಾಗ ಅದು ನಿನ್ ಕೆಲ್ಸ."

ಹೆಂಡತಿಗೆ ಮಾತ್ರ ನಂಬಿಕೆಯೇ ಇರಲಿಲ್ಲ. "ನಂಗೆ ಹಾಲಿಲ್ಲ ಆಯಮ್ಮ, ಮೊದಲ್ನೇದಕ್ಕೂ ಇರ್ಲಿಲ್ಲ" ಎಂದು ಗೋಡೆ ಕಡೆ ತಿರುಗಿ ಹೇಳಿದಳು. ಅದು ನನ್ನ ಮಾತು, ಅವಳ ಬಾಯಲ್ಲಿ. ಆಯಮ್ಮ ಅಂಗೈ ಉಜ್ಜಿಕೊಂಡು, ಕೂಸಿನ ಹೊಟ್ಟೆಯನ್ನು ತಾಯಿಯ ಹೊಟ್ಟೆಗೆ ತಾಗಿಸಿ, ಅದು ಬಾಯಿ ದೊಡ್ಡದಾಗಿ ತೆರೆಯುವವರೆಗೂ ಕಾದು ಎದೆಗೆ ಹಿಡಿಸಿದರು. "ಇಲ್ಲ ಅಂತ ನೀನ್ಯಾಕೆ ಹೇಳ್ತೀಯ ಕಣ್ಣು, ಇವ್ನು ಹೇಳ್ಲಿ."

ನಾಲ್ಕನೆಯ ದಿನ ಕೂಸು ಅತ್ತೇ ಅತ್ತಿತು. ನನಗೆ ಧೈರ್ಯ ಸಾಲದೆ ಕಾರ್ಖಾನೆಯಿಂದ ಬರುವಾಗ ಹಾಲಿನ ಪುಡಿಯ ಡಬ್ಬ ತಂದು ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟೆ. ಮರುದಿನ ಸಂಜೆ ಬಂದರೆ ಆಯಮ್ಮ ನನಗೆ ಟೀ ಕೊಟ್ಟರು. ಗಟ್ಟಿಯಾಗಿ, ವಿಪರೀತ ಸಿಹಿಯಾಗಿತ್ತು.

"ಚೆನ್ನಾಗೈತಾ? ಮೂಟೆ ಹಿಂದೆ ಸಿಕ್ತು. ನಂಗೋಸ್ಕರ ತಂದಿದ್ದೀಯ ಅಂದ್ಕೊಂಡೆ. ವಠಾರಕ್ಕೆಲ್ಲ ಕೊಟ್ಟೆ."

ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆನೇನೋ. ಆ ಟೀಯನ್ನು ತಲೆ ತಗ್ಗಿಸಿ ಕುಡಿದೆ. ಆಮೇಲೆ ಅವರು ನನ್ನನ್ನು ಹೊರಗೆ ಕರೆದು ಬಟ್ಟೆ ಒಣಹಾಕುವ ಹಗ್ಗ ತೋರಿಸಿದರು. "ಹಾಲು ಹೋಗ್ತಾ ಐತಾ ಇಲ್ವಾ ಅಂತ ನಿಂಗೆ ಅನುಮಾನ ಬಂದ್ರೆ ಅವ್ಳ ಮುಖ ನೋಡ್ಬೇಡ. ಈ ಹಗ್ಗ ನೋಡ್ಕೊಂಡು ಒಳಗೆ ಬಾ. ಹಾಲು ಒಳಗೆ ಹೋಗದೆ ಉಚ್ಚೆ ಹೊರಗೆ ಬರಲ್ಲಪ್ಪ." ಅಂದು ಅಲ್ಲಿ ಕೂಸಿನ ಮೂರೋ ನಾಲ್ಕೋ ಬಟ್ಟೆಗಳಿದ್ದವು. ವಾರ ಕಳೆಯುವಷ್ಟರಲ್ಲಿ ನನ್ನ ಬನಿಯನ್ ಹಾಕಲೂ ಜಾಗವಿರಲಿಲ್ಲ. ಆಸ್ಪತ್ರೆಯಲ್ಲಿ ಕೂಸಿನ ತೂಕ ಹಾಕಿಸಿಕೊಂಡು ಬಂದ ದಿನ ಹೆಂಡತಿ ಬಾಗಿಲಲ್ಲೇ ನಿಂತು, "ಏರಿದೆಯಂತೆ" ಎಂದು ನಕ್ಕಳು. ಆ ಮನೆಗೆ ಬಂದಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಮಗ ಎರಡು ವರ್ಷ ಎದೆಹಾಲು ಕುಡಿದ. ಆದರೂ ನಾನು ಅವಳ ಕ್ಷಮೆ ಕೇಳಲಿಲ್ಲ. ನೀರು ತಂದುಕೊಟ್ಟಿದ್ದೇನಲ್ಲ, ಅಷ್ಟು ಸಾಕು ಎಂದುಕೊಂಡಿದ್ದೆ.

ಎರಡು ಸಾವಿರ ಇಸವಿಯ ಆಚೆ ಆಯಮ್ಮ ಕಾಯಿಲೆ ಬಿದ್ದು ಕೆ.ಆರ್. ಪುರದ ಮಗಳ ಮನೆ ಸೇರಿದರು. ಒಂದು ಭಾನುವಾರ ನಾವು ನಾಲ್ವರೂ ನೋಡಲು ಹೋದೆವು. ಬಾಯಾರಿಕೆ ಎಂದರು. ನಾನೇ ಒಳಗೆ ಹೋಗಿ ನೀರು ತಂದು, ತಲೆ ಎತ್ತಿ ಹಿಡಿದು ಕುಡಿಸಿದೆ. ಎರಡು ಗುಟುಕು ಕುಡಿದು ಕಣ್ಣು ತೆರೆದರು.

"ಅಳತೆ ಹಾಕಿ ತಂದಿಲ್ಲ ತಾನೇ?"

ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಮಗಳಿಗೆ ಅರ್ಥವಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು: "ಅಳತೆ ಅಂದ್ರೆ ಏನಪ್ಪಾ?"

ಹೇಳಿದೆ. ಹೂಜಿ, ಕಾಫಿ ಲೋಟ, ಬಚ್ಚಲಿನ ಹಂಡೆ, ನಾಮಕರಣದ ಮಾತು. "ನಿಂಗೆ ಹಾಲು ತಪ್ಪಿದ್ದು ನಿಮ್ಮಮ್ಮನಿಂದ ಅಲ್ಲ, ನನ್ನಿಂದ" ಎಂದೆ. ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು. ನನ್ನ ಕಡೆ ತಿರುಗಿ, "ಇದನ್ನ ಆಯಮ್ಮನ ಮುಂದೇನೇ ಹೇಳ್ಬೋದಿತ್ತಲ್ರೀ" ಎಂದಳು.

ಮುಂದಿನ ಭಾನುವಾರ ಹೇಳಿಬರೋಣ ಎಂದುಕೊಂಡೆವು. ಗುರುವಾರವೇ ಅವರು ಹೋಗಿಬಿಟ್ಟರು.

ಈಗ ಊಟಕ್ಕೆ ಕೂತಾಗ ನಮ್ಮ ಮನೆಯಲ್ಲಿ ನೀರು ಇಡುವವನು ನಾನು. ಮೊದಲು ಅವಳ ಲೋಟ, ಅಂಚಿನವರೆಗೂ. "ಚೆಲ್ಲುತ್ತೆ ರೀ, ಸಾಕು" ಎನ್ನುತ್ತಾಳೆ. ಇನ್ನೂ ಸ್ವಲ್ಪ ಹಾಕುತ್ತೇನೆ.