ನೀರು ತಿರುಗಿ ಹೋಗುವ ದಾರಿ

ಮೇಲಿನ ಮನೆಯ ಮಾವಶಿಯ ಕಾಲ್ಬೆರಳುಗಳು ಒಂದಕ್ಕೊಂದು ಮುನಿಸಿಕೊಂಡಂತೆ ದೂರ ದೂರ ನಿಂತಿದ್ದವು. ಅಂಕೋಲೆಯ ಮರಳಿನಲ್ಲಿ ಬರಿಗಾಲಲ್ಲಿ ಬೆಳೆದವರು. ಮರಾಠಿ ನಾಡಿನ ಓಝರಿನ ವಿಮಾನ ಕಾರ್ಖಾನೆಯ ಫಿಟರ್ ಒಬ್ಬರನ್ನು ಮದುವೆಯಾಗಿ ಬಂದು, ನಲವತ್ತು ವರ್ಷ ನಮ್ಮಂಥ ಧಾರವಾಡದವರ ನೆರೆಯಲ್ಲಿದ್ದು, ಮಾತಿನಲ್ಲಿ ನಮ್ಮವರೇ ಆಗಿಬಿಟ್ಟಿದ್ದರು. ನಾನೋ, ಕುಕ್ಕರಿನ ಸೀಟಿ ತಡವಾದರೂ ಬೆವರುವವನು.

ಕಾಲನಿಯವರೆಲ್ಲ ಬಸ್ಸು ಮಾಡಿಕೊಂಡು ಕೊಂಕಣದ ಕಡಲಿಗೆ ಹೊರಟಾಗ, ಹನ್ನೆರಡರ ಮಗಳನ್ನು ಮನೆಯಲ್ಲೇ ಬಿಡೋಣವೆಂದೆ. ಮೂರು ಬೇಸಿಗೆ ಈಜಿನ ತರಗತಿಗೆ ಕಳಿಸಿದ್ದೂ ನಾನೇ. ಮಾವಶಿ ನನ್ನನ್ನು ಕೂರಿಸಿ, ಅಗಲವಾದ ಪರಾತದಲ್ಲಿ ನೀರು ತುಂಬಿ, ಮೊರ ಬೀಸಿ ತೆರೆ ಎಬ್ಬಿಸಿದರು. ಆಮೇಲೆ ಉಳ್ಳಾಗಡ್ಡಿ ಸಿಪ್ಪೆ ತೇಲಿಬಿಟ್ಟು ಅಂಚಿನಲ್ಲಿ ಬೆರಳಾಡಿಸಿದರು. ಸಿಪ್ಪೆ ಏಳುತ್ತಿತ್ತು, ಇಳಿಯುತ್ತಿತ್ತು, ಇದ್ದಲ್ಲೇ ಇತ್ತು.

“ದೂರದಾಗ ಗಾಳಿ ಬೀಸಿ ತೆರಿ ಏಳತಾವ. ಓಡೂದು ತೆರಿ, ನೀರಲ್ಲ. ದಂಡಿಗೆ ಬಂದು ಒಡದಾಗ ಮಾತ್ರ ನೀರು ಮ್ಯಾಲ ನುಗ್ಗತದ. ನುಗ್ಗಿದ್ದು ತಿರುಗಿ ಹೋಗಬೇಕಲ್ಲ? ಆ ದಾರಿ ನೋಡ್ಕೋ, ಬಸ್.”

ನಾನು ನೆನಪಿಟ್ಟುಕೊಂಡದ್ದು ಸಿಪ್ಪೆಯನ್ನಷ್ಟೇ.

ಕಡಲಲ್ಲಿ ಎಲ್ಲರೂ ತೆರೆಗಳಿಗೆ ಮೈಯೊಡ್ಡಿ ಕೇಕೆ ಹಾಕುತ್ತಿದ್ದರು. ನಾನು ಅರ್ಧ ತಾಸು ಪರೀಕ್ಷಿಸಿ, ತೆರೆಯೇ ಒಡೆಯದ ಓಣಿಯಂಥ ಜಾಗವೊಂದನ್ನು ಹುಡುಕಿದೆ. ಎರಡೂ ಬದಿ ಬಿಳಿ ನೊರೆ, ನಡುವೆ ನಯವಾದ ಕಂದು ನೀರು. ಅಲ್ಲೇ ಮಗಳನ್ನು ಇಳಿಸಿದೆ. ನೋಡನೋಡುತ್ತಿದ್ದಂತೆ ಮೊಣಕಾಲ ನೀರು ಎದೆಗೆ ಬಂತು. ಹುಡುಗಿ ಕಡಲಿನತ್ತ ಜಾರತೊಡಗಿದಳು. ಈಜು ಬಾರದ ನಾನು ದಂಡೆಯಿಂದ, “ನೆಟ್ಟಗ ನನ್ನ ಕಡೆ ಬಾ!” ಎಂದು ಕಿರುಚಿದೆ. ಕೈ ಬಡಿದಷ್ಟೂ ದೂರವಾದಳು.

ಸೀರೆ ಎತ್ತಿ ಕಟ್ಟಿ ಓಡಿಬಂದ ಮಾವಶಿ ನನ್ನನ್ನು ಪಕ್ಕಕ್ಕೆ ತಳ್ಳಿದರು.

“ನೀ ಬಾಯಿ ಮುಚ್ಚು ತಮ್ಮಾ! ಏ ಪೋರಿ, ಈ ಕಡೆ ಬರಬ್ಯಾಡ! ಅಡ್ಡ ಈಜು! ತೆರಿ ಒಡ್ಯೋ ಕಡೆ ಹೋಗು!”

ಪುಣ್ಯಕ್ಕೆ ಮಗಳು ಕೇಳಿದ್ದು ಅವರ ಮಾತನ್ನು. ಅಡ್ಡಕ್ಕೆ ಈಜಿದಳು. ನಾನು ಅಷ್ಟು ಹೆದರಿದ್ದ ಬಿಳಿ ತೆರೆಗಳೇ ಒಂದಾದ ಮೇಲೊಂದು ನೂಕಿ ತಂದು ಅವಳನ್ನು ಮರಳಿನ ಮೇಲೆ ಚೆಲ್ಲಿದವು. ಮೂಗಿನಿಂದ ನೀರು ಸೀನಿ, “ಬಾಬಾ, ಪರತ್ ಜಾಊ?” ಎಂದಳು. ಮತ್ತೆ ಹೋಗಬೇಕಂತೆ! ನಾನು ಅಲ್ಲೇ ಮರಳಿನಲ್ಲಿ ಕುಳಿತುಬಿಟ್ಟೆ.

“ಅಲ್ಲಿ ಆಳ ಅದ, ಅದಕ್ಕ ತೆರಿ ಒಡ್ಯೂದಿಲ್ಲ. ನೀರು ತಿರುಗಿ ಹೋಗೂ ದಾರಿನೇ ಅದು,” ಎಂದರು ಮಾವಶಿ. “ಇಷ್ಟ ಹೆದರತಿ, ಹೆದರೂದರ ಬರೋಬ್ಬರಿ ಜಾಗಾ ನೋಡಿ ಹೆದರೋ!” ನಗುತ್ತಿದ್ದರು, ಕೈ ಮಾತ್ರ ಮಗಳ ರಟ್ಟೆಯನ್ನು ಬಿಟ್ಟಿರಲಿಲ್ಲ.

ಮಾವಶಿ ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಮಗಳಿಗೀಗ ಹತ್ತೊಂಬತ್ತು. ಒದ್ದೆ ಟವೆಲನ್ನು ದಿನವೂ ಹಾಸಿಗೆಯ ಮೇಲೆಸೆದು ಹೋಗುತ್ತಾಳೆ, ನಾನು ದಿನವೂ ಬೈಯುತ್ತೇನೆ. ಬೈಯಲು ಅವಳಿದ್ದಾಳೆ.