ಉಸಿರಾಡುವ ಆಲೂಗಡ್ಡೆಗಳು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಹಗಲಲ್ಲೂ ದೀಪವಿಲ್ಲದೆ ಇಳಿಯಲಾಗದ ಒಂದು ಜಾಗವಿತ್ತು. ಪುಣೆಯ ಹಳೇ ಪೇಟೆಯ, ಅಂಗಳದ ಸುತ್ತ ಹಲವು ಸಂಸಾರಗಳಿದ್ದ ವಾಡೆಯೊಂದರಲ್ಲಿ ನಾವು ಬಾಡಿಗೆಗಿದ್ದೆವು. ಧಾರವಾಡದಿಂದ ಬಂದ ಅಪ್ಪ, ಉಪವಾಸದವರಿಗಾಗಿ ಆಲೂಗಡ್ಡೆಯ ಚಿವಡಾ ಕರಿದು ಮಾರುತ್ತಿದ್ದರು. ಬೇಸಿಗೆಯಲ್ಲಿ ಕೊಂಡ ಗಡ್ಡೆಗಳನ್ನು ವಾಡೆಯ ನೆಲಮಾಳಿಗೆಯಲ್ಲಿ ಇಡುತ್ತಿದ್ದರು. ಬೆಳಕು ಬಿದ್ದರೆ ಗಡ್ಡೆ ಹಸಿರಾಗಿ, ಕಹಿಯಾಗಿ, ವಿಷವೇರುತ್ತದೆಂದು ಓಣಿಯ ಕಡೆಯ ಕಿಟಕಿಗೆ ಹಲಗೆ ಬಡಿದಿದ್ದರು.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಅಪ್ಪ ಜ್ವರದಿಂದ ಮಲಗಿದ್ದರಿಂದ ನೆಲಮಾಳಿಗೆಯ ಬಾಗಿಲು ಬಹಳ ದಿನ ಮುಚ್ಚಿಯೇ ಇತ್ತು. ಏಕಾದಶಿಯ ಹಿಂದಿನ ದಿನ ಮಧ್ಯಾಹ್ನ ಅಪ್ಪ ಎದ್ದು ಒಲೆ ಹೊತ್ತಿಸಿದರು. ಗಡ್ಡೆ ತರಲು ಅಕ್ಕ ದೀಪ ಹಿಡಿದು ಇಳಿದಳು. ಬುಟ್ಟಿ ಹಿಡಿದ ನಾನು ಮೆಟ್ಟಿಲ ಮೇಲೆಯೇ ನಿಂತೆ.

ಸಿಹಿಸಿಹಿಯಾದ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಗಡ್ಡೆಗಳಿಂದ ಮೊಳದುದ್ದದ ಬಿಳಿ ಮೊಳಕೆಗಳು ಎದ್ದಿದ್ದವು. ಹಲಗೆಯ ಬಿರುಕಿನಿಂದ ಬರುತ್ತಿದ್ದ ಗೆರೆಯಷ್ಟು ಬೆಳಕಿನತ್ತ ಎಲ್ಲವೂ ಬೆರಳು ಚಾಚಿದಂತೆ ಬಾಗಿದ್ದವು. ಅಕ್ಕ ಬಗ್ಗಿದಳು. ಗಾಳಿಯ ಸುಳಿವಿಲ್ಲದಿದ್ದರೂ ದೀಪ ಕುಗ್ಗಿತು, ಆರಿತು. ಕತ್ತಲಲ್ಲಿ ಬಳೆಗಳು ಒಮ್ಮೆ ಘಲ್ಲೆಂದವು. ಆಮೇಲೆ ಸದ್ದೇ ಇಲ್ಲ.

"ಅಕ್ಕಾ!" ಎಂದೆ. ಒಂದು ಮೆಟ್ಟಿಲು ಇಳಿದೆ, ತಲೆ ಗಿರ್ರೆಂದಿತು. ಕಿರುಚುತ್ತಾ ಮೇಲೆ ಓಡಿದೆ.

ನೆರೆಮನೆಯ ಮರಾಠಿ ಅಜ್ಜಿ "ಭೂತ್! ಭೂತ್!" ಎಂದು ಎದೆ ಬಡಿದುಕೊಂಡರು. ಅಪ್ಪ ಆರಿದ ದೀಪದ ವಿಷಯ ಕೇಳಿದ್ದೇ, "ಯಾರೂ ಇಳೀಬ್ಯಾಡ್ರಿ! ದೀಪ ಆರಿದಲ್ಲೆ ಉಸಿರೂ ಉಳಿಯೂದಿಲ್ಲ" ಎಂದು ಕೂಗಿ ಓಣಿಗೆ ಓಡಿ ಹಲಗೆ ಒದ್ದು ಮುರಿದರು. ಮರಳಿ ಬಂದು, ಎದೆ ತುಂಬ ಉಸಿರೆಳೆದುಕೊಂಡು ಮೆಟ್ಟಿಲಿಳಿದರು. ಅಂಗಳದಲ್ಲಿ ಮಳೆಯ ಸದ್ದೊಂದೇ.

ಕೊನೆಗೂ ಅಕ್ಕನನ್ನು ಹೆಗಲ ಮೇಲೆ ಹೊತ್ತು ಬಂದರು. ತುಟಿ ನೀಲಿಯಾಗಿತ್ತು, ಜಡೆಯಲ್ಲಿ ಬಿಳಿ ಮೊಳಕೆಗಳು ಸಿಕ್ಕಿಕೊಂಡಿದ್ದವು. ಮಳೆಯಲ್ಲಿ ಮಲಗಿಸಿ ಅಪ್ಪ ಕೆನ್ನೆ ತಟ್ಟಿದರು, ಹೆಸರು ಹಿಡಿದು ಕರೆದರು. ಅಕ್ಕ ಕೆಮ್ಮಿ ಕಣ್ಣು ಬಿಟ್ಟಳು.

"ಭಾಳ ಸಿಹಿ ನಿದ್ದಿ ಬಂದಿತ್ತಪಾ," ಎಂದಳು, "ಏಳೂದಽ ಬ್ಯಾಡ ಅನಸ್ತು."

"ಒಳಗ ಭೂತ ಅದ ಏನು?" ಎಂದು ನಾನು ಅಳುತ್ತಾ ಕೇಳಿದೆ.

"ಭೂತ ಅಲ್ಲವ್ವಾ. ಬಟಾಟಿನೂ ಉಸಿರಾಡತಾವ. ಕೊಳತಾವಂದ್ರ ಮುಗೀತು, ಇದ್ದ ಗಾಳಿನೆಲ್ಲಾ ಕೆಡಸತಾವ," ಎಂದರು ಅಪ್ಪ.

ಭೂತಕ್ಕಿಂತ ಆ ಮಾತಿಗೇ ನಾನು ಹೆಚ್ಚು ಹೆದರಿದೆ. ಎಷ್ಟೋ ದಿನ ಅಡುಗೆಮನೆಯ ಬುಟ್ಟಿಗೆ ಕಿವಿಯಿಟ್ಟು ಕೇಳುತ್ತಿದ್ದೆ.

ಮಕ್ಕಳೇ, ನಿಮ್ಮ ಚಿಪ್ಸಿನ ಗಡ್ಡೆಗಳು ಈಗ ದೊಡ್ಡ ಗೋದಾಮುಗಳಲ್ಲಿ, ಫ್ಯಾನಿನ ಗಾಳಿಯಲ್ಲಿ ಮಲಗುತ್ತವೆ. ಪ್ಯಾಕೆಟ್ ಹರಿಯುವಾಗ ಉಪ್ಪಿನದೋ ಮಸಾಲೆಯದೋ ಎಂಬುದಷ್ಟೇ ನಿಮ್ಮ ಚಿಂತೆ. ಹಾಗೆಯೇ ಇರಲಿ. ಆದರೆ ಬಹುಕಾಲ ಮುಚ್ಚಿದ ಕೋಣೆಯ ಬಾಗಿಲು ತೆರೆದರೆ, ಮೊದಲು ಗಾಳಿ ಒಳಗೆ ಹೋಗಲಿ. ನೀವು ಆಮೇಲೆ ಹೋಗಿ.