ಓಬಣ್ಣನ ಮೈಕ್‌ಸೆಟ್ ಕೆಟ್ಟಿರಲಿಲ್ಲ

ಓಬಣ್ಣನ ಮೈಕ್‌ಸೆಟ್ ಕೆಟ್ಟಿರಲಿಲ್ಲ. ಬಾಕ್ಸುಗಳು ಚೆನ್ನಾಗಿದ್ದವು, ಆಂಪ್ಲಿಫೈಯರ್ ಸುಟ್ಟಿರಲಿಲ್ಲ — ಒಂದು ಫ್ಯೂಸು ಹೋಗಿತ್ತು, ಅಷ್ಟೆ. ಕೆಟ್ಟಿದೆ ಎಂದು ಹೇಳಿದವನು ನಾನು. ಗೊತ್ತಿದ್ದೂ, ಬೇಕೆಂದೇ ಹೇಳಿದೆ.

ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಮೋಟಾರು, ಮಿಕ್ಸಿ, ಟಿವಿ — ಬಂದದ್ದನ್ನು ಬಿಚ್ಚಿ ಕೂರುವವನು. ಈ ವಿದ್ಯೆ ಕಲಿಸಿದವನೇ ಓಬಣ್ಣ. ಮೊಳಕಾಲ್ಮೂರು ಕಡೆಯ ಹಳ್ಳಿಯವನು. ಮದುವೆಗೆ, ನಾಟಕಕ್ಕೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಬೆಸುಗೆ ಹಾಕುವುದನ್ನು ನಾನು ಕಲಿತದ್ದು ಅವನ ಪಡಸಾಲೆಯಲ್ಲಿ, ಅವನ ಹೆಂಡತಿ ಮಾರಕ್ಕ ಬಡಿಸಿದ ಮುದ್ದೆ ಉಂಡು. ಅವರನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಒಂದು ಮದುವೆ ಮನೆಯಲ್ಲಿ ಹಾರ್ನ್ ಕಟ್ಟಲು ಬೇವಿನ ಮರ ಹತ್ತಿದ ಓಬಣ್ಣ ಬಿದ್ದ, ಮತ್ತೆ ಏಳಲಿಲ್ಲ.

ವರ್ಷ ಕಳೆದ ಮೇಲೆ ಅತ್ತಿಗೆ ಹೇಳಿಕಳಿಸಿದರು. ಹೋದೆ.

"ತಿಪ್ಪೇಶಿ, ಮೈಕ್‌ಸೆಟ್ ನಾನೇ ನಡೆಸ್ತೀನಪ್ಪ" ಎಂದರು. "ವೈರ್ ಎಳೆಯೋದು, ಜೋಡ್ಸೋದು ಎಲ್ಲಾ ನೋಡಿ ನೋಡಿ ಬರ್ತೈತೆ. ಊರೋರು ನಗ್ತಾರೆ, ನಗ್ಲಿ. ಆದ್ರೆ ಹಾಕಿದ್ರೆ ಸದ್ದೇ ಬರ್ತಿಲ್ಲ. ಒಂದ್ಸಲ ನೋಡು."

ಆ ದಿನಗಳಲ್ಲಿ ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಪಕ್ಕದ ಮನೆಯವರು ಹೋಮ್ ಥಿಯೇಟರ್ ತಂದಿದ್ದರು. ನನ್ನ ಮಗಳು ಅವರ ಬಾಗಿಲಲ್ಲಿ ನಿಂತು ಸಿನಿಮಾ ಕೇಳಿಸಿಕೊಂಡು ಬರುತ್ತಿದ್ದಳು. ಹೊಸದನ್ನು ಕೊಳ್ಳುವ ಶಕ್ತಿ ನನಗಿರಲಿಲ್ಲ. ಇದ್ದದ್ದರಲ್ಲೇ ಮಾಡಿಬಿಡೋಣವೆಂದು ಹೊರಟಿದ್ದೆ — ಮನೆಯ ಹಳೆಯ ಟಿವಿ, ನಾನೇ ಸರಿಮಾಡಿಕೊಂಡ ಡಿವಿಡಿ ಪ್ಲೇಯರ್, ಮೂಲೆ ಸೇರಿದ್ದ ಟೇಪ್ ರೆಕಾರ್ಡರಿನ ಎರಡು ಸಣ್ಣ ಸ್ಪೀಕರು. ಇಲ್ಲದ್ದು ಒಂದೇ, ಎದೆಗೆ ತಾಗುವ ಸದ್ದು.

ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿದೆ. ಕಪ್ಪಾದ ಫ್ಯೂಸು ಮೊದಲ ನೋಟಕ್ಕೇ ಕಂಡಿತು. ಹೊಸ ಫ್ಯೂಸು ನನ್ನ ಚೀಲದಲ್ಲೇ ಇತ್ತು. ಅತ್ತಿಗೆ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಹೆಂಗಸು ಮೈಕ್‌ಸೆಟ್ ಹೊತ್ತು ಊರೂರು ತಿರುಗುವುದುಂಟೇ, ನಾಲ್ಕು ದಿನದ ಹುಮ್ಮಸ್ಸು — ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆನೋ ಏನೋ... ಏನು ಹೇಳಿಕೊಂಡರೇನು, ಬಾಯಿಂದ ಬಂದದ್ದು ಇದು:

"ಸುಟ್ಟೋಗೈತೆ ಅತ್ತಿಗೆ. ಬಾಕ್ಸಿಗೂ ತೇವ ಹೊಡೆದೈತೆ."

ಅವರು ಗೋಡೆ ನೋಡಿದರು. ಹಿಂದಿನ ಮಳೆಯ ಕಲೆ ಇನ್ನೂ ಮಾಸಿರಲಿಲ್ಲ.

"ಗೋಡೆ ಬುಡಕ್ಕೆ ನಾನೇ ಇಟ್ಟಿದ್ದು. ಅದ್ಕೇ ಕೆಡ್ತೇನಪ್ಪಾ?"

"ಹೂಂ" ಎಂದೆ.

ಮೊದಲ ಸುಳ್ಳು ಆಸೆಯಿಂದ ಬಂತು. ಈ 'ಹೂಂ' — ಇದು ಯಾಕೆ ಬಂತೋ ಇವತ್ತಿಗೂ ತಿಳಿಯದು. ಇಲ್ಲ ಎಂದಿದ್ದರೂ ನನ್ನ ಕೆಲಸ ಆಗುತ್ತಿತ್ತು.

"ತಗಂಡೋಗು ಹಂಗಾರೆ. ಕಣ್ಣೆದುರಿಗಿದ್ರೆ ಸಂಕಟ" ಎಂದು ಒಳಗೆ ಹೋದರು. ನಾನು ಆಟೋ ಕರೆದೆ.

ನಮ್ಮ ಕೋಣೆಗೆ ಆ ಬಾಕ್ಸುಗಳು ದೊಡ್ಡವು. ಸ್ಪೀಕರುಗಳನ್ನು ಬಿಚ್ಚಿ, ಮುರಿದ ಮಂಚದ ಹಲಗೆಯಲ್ಲಿ ಚಿಕ್ಕ ಪೆಟ್ಟಿಗೆ ಮಾಡಿ ಕೂರಿಸಿದೆ, ಕರಿ ಬಣ್ಣ ಬಳಿದೆ. ಸಣ್ಣವೆರಡನ್ನು ಹಿಂದಿನ ಗೋಡೆಗೆ ಹೊಡೆದೆ. ಹಾಕಿದ ದಿನ ಮಗಳು ಕುಣಿದಳು. ಹೆಂಡತಿ "ನಿಮ್ಮ ಕೈಯಾಗೆ ಏನೋ ಐತೆ ಬಿಡ್ರಿ" ಎಂದಳು. ನಾನೂ ಬೀಗಿದೆ — ಅದನ್ನು ಮುಚ್ಚಿಡಲಾರೆ.

ಅತ್ತಿಗೆ ಮೊಳಕಾಲ್ಮೂರಿನಲ್ಲಿ ನೇಕಾರರ ಮನೆಯೊಂದಕ್ಕೆ ರೇಷ್ಮೆ ನೂಲು ಸುತ್ತಲು ಹೋಗತೊಡಗಿದರು. ಒಮ್ಮೆ ಪೇಟೆಗೆ ಬಂದವರು ನಮ್ಮ ಮನೆಗೂ ಬಂದರು. ಟಿವಿಯಲ್ಲಿ ಹಾಡು ಬರುತ್ತಿತ್ತು. ಕೂತು ಕೇಳಿದರು, ಕಣ್ಣು ತುಂಬಿಕೊಂಡಿತು.

"ನಮ್ಮೋರ ಬಾಕ್ಸಿನ ಸದ್ದೂ ಹಿಂಗೇ ಇತ್ತು, ಅಲ್ವೇನಪ್ಪ? ಎಲ್ಲಿ ತಗಂಡೆ?"

"ದುರ್ಗದಾಗೆ" ಎಂದೆ.

ಹನ್ನೆರಡು ವರ್ಷ ಹೀಗೇ ಹೋಯಿತು. ಹೋದ ತಿಂಗಳು ಅವರ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದೆ. ಅತ್ತಿಗೆಯ ಮಗಳು ಹೊಸ ಮಿಕ್ಸಿಯನ್ನು ಗೋಡೆ ಬದಿಗಿಟ್ಟಳು. ಅತ್ತಿಗೆ ಮಂಡಿ ಹಿಡಿದುಕೊಂಡೇ ಬಂದು ಅದನ್ನು ಎತ್ತಿದರು.

"ಅಲ್ಲಿಡಬ್ಯಾಡ ತಾಯಿ. ನಿಮ್ಮಪ್ಪ ಜೀವ ತೇದು ಕಟ್ಟಿದ್ದನ್ನ ನಾನು ಹಿಂಗೇ ಇಟ್ಟು ಹಾಳ್ ಮಾಡ್ದೆ."

ಎಲ್ಲರೂ ಕೇಳಿ ಕೇಳಿ ಹಳೆಯದಾದ ಮಾತು ಅದು. ಯಾರೂ ತಿರುಗಿ ನೋಡಲಿಲ್ಲ. ನನ್ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಮುಂದಿನ ವಾರ ಒಬ್ಬನೇ ಹೋಗಿ ಎಲ್ಲವನ್ನೂ ಹೇಳಿದೆ. ಫ್ಯೂಸು, ಚೀಲ, ಕರಿ ಬಣ್ಣ — ಒಂದೂ ಬಿಡದೆ. ಎಲ್ಲಾ ತಂದುಕೊಡುತ್ತೇನೆ ಎಂದೆ.

"ಈಗ್ಯಾಕೆ? ಮಂಡಿ ಹಿಡ್ಕಂಡು ನಡಿಯೋಳ್ನ ಮೈಕ್ ಹಾಕಾಕೆ ಯಾರು ಕರೀತಾರೆ" ಎಂದರು. ಆಮೇಲೆ ಗೋಡೆ ಬುಡದ ಕಡೆ ತಿರುಗಿ, "ಹಂಗಾರೆ ನಾನು ಕೆಡಿಸ್ಲಿಲ್ಲ?"

"ಇಲ್ಲ ಅತ್ತಿಗೆ."

"ದಿನಾ ಅವರ ಫೋಟೋ ಮುಂದೆ ತಪ್ಪಾಯ್ತು ಅಂತ ಕೈ ಮುಗೀತಿದ್ನಲ್ಲೋ..."

ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಮಗಳು ಬಂದು, "ಚಿಕ್ಕಪ್ಪ, ಅವ್ವ ಹೊರಗೆ ಬರಲ್ವಂತೆ. ನೀವು ಹೋಗ್ಬೇಕಂತೆ" ಎಂದಳು.

ಬಂದುಬಿಟ್ಟೆ. ಕ್ಷಮಿಸಿ ಎಂಬ ಮಾತು ಅಂದು ನಾಲಿಗೆ ತುದಿಗೆ ಬಂದಿತ್ತು; ಆಡಲಿಲ್ಲ. ಮುಂದೆಯೂ ಆಡುವುದಿಲ್ಲ. ಕೇಳಿದರೆ ಅವರು ಕ್ಷಮಿಸಿಯೇ ಬಿಡುತ್ತಾರೆ, ಅಂಥವರು ಅವರು — ಅದೊಂದನ್ನೂ ಅವರಿಂದ ತೆಗೆದುಕೊಂಡು ಬರುವ ಮುಖ ನನಗಿಲ್ಲ.